ಸೈಕಲ್ ಕ್ಯಾಮೆರಾ-ಲೈಟ್: ಒಂದೇ ಡಬ್ಬಿಗೆ ಎರಡು ಕೆಲಸ, ಎರಡೂ ಅರೆಬರೆ

ಪ್ರಶ್ನೆ: ಸರ್, ನಾನು ದಾವಣಗೆರೆ ವಿದ್ಯಾನಗರದವನು. ಕೆಲಸ ಹರಿಹರದಲ್ಲಿ. ವಾರಕ್ಕೆ ನಾಲ್ಕು ದಿನ ಸೈಕಲ್‌ನಲ್ಲೇ ಹೋಗಿ ಬರುತ್ತೇನೆ. ಭಾನುವಾರ ಒಮ್ಮೊಮ್ಮೆ ಸೂಳೆಕೆರೆ ಕಡೆ ಉದ್ದದ ರೈಡ್. ಒಂದೂವರೆ ವರ್ಷದ ಹಿಂದೆ ಕ್ಯಾಮೆರಾ ಇರುವ ಹಿಂದಿನ ಲೈಟ್ ಆನ್‌ಲೈನ್‌ನಲ್ಲಿ ತರಿಸಿದೆ. ಡಬ್ಬಿ ಮೇಲೆ ಆರು ಗಂಟೆ ಅಂತ ಬರೆದಿತ್ತು. ಈಗ ಎರಡು ಗಂಟೆಗೆ ಕ್ಯಾಮೆರಾ, ಲೈಟ್ ಎರಡೂ ಒಟ್ಟಿಗೆ ಆರುತ್ತವೆ. ಹೋದ ತಿಂಗಳು ಬಾತಿ ಹತ್ತಿರ ಒಂದು ಗೂಡ್ಸ್ ಗಾಡಿ ನನ್ನ ಮೊಣಕೈ ಸವರಿಕೊಂಡೇ ಹೋಯಿತು. ಮನೆಗೆ ಬಂದು ನೋಡಿದರೆ ಆ ದಿನದ ವಿಡಿಯೋನೇ ಇಲ್ಲ, ಕಾರ್ಡ್ ತುಂಬಿದೆ ಅನ್ನುತ್ತಿತ್ತು. ಹಳೇ ವಿಡಿಯೋಗಳಲ್ಲೂ ಸಂಜೆ ಹೊತ್ತು ಒಂದು ಗಾಡಿಯ ನಂಬರೂ ಓದಲು ಬರುವುದಿಲ್ಲ. ಹೊಸ ಫೋನಿನ ಚಾರ್ಜರ್‌ಗೆ ಹಾಕಿದರೆ ಚಾರ್ಜ್ ಆಗುವುದಿಲ್ಲ. ರಿಪೇರಿ ಮಾಡಿಸಲಾ, ಇನ್ನೂ ದುಬಾರಿಯದು ತಗೊಳ್ಳಲಾ, ಇಲ್ಲಾ ಕ್ಯಾಮೆರಾನೇ ಬಿಟ್ಟುಬಿಡಲಾ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಈ ಉತ್ತರವನ್ನು ಪೂರ್ತಿ ಓದುವುದು ಆಮೇಲಾದರೂ ಪರವಾಗಿಲ್ಲ. ಊರಿನ ಯಾವುದಾದರೂ ಸೈಕಲ್ ಅಂಗಡಿಗೆ ಹೋಗಿ ಒಂದು ಸಾದಾ ಕೆಂಪು ಲೈಟ್ ತಂದು ಹಿಂದೆ ಕಟ್ಟಿ. ಕ್ಯಾಮೆರಾ ಬೇಡ, ಆ್ಯಪ್ ಬೇಡ, ಒಂದೇ ಬಟನ್ ಇದ್ದರೆ ಸಾಕು. ಈಗಿರುವ ಕ್ಯಾಮೆರಾ-ಲೈಟ್ ಅದರ ಪಾಡಿಗೆ ಅದರ ಜಾಗದಲ್ಲಿ ಇರಲಿ. ಆದರೆ ಕತ್ತಲಲ್ಲಿ ನಿಮ್ಮನ್ನು ಕಾಯುವ ಕೆಲಸವನ್ನು ಇವತ್ತಿನಿಂದ ಅದಕ್ಕೆ ವಹಿಸಬೇಡಿ.

ಯಾಕೆ ಇಷ್ಟು ಅವಸರ ಮಾಡುತ್ತಿದ್ದೇನೆ ಅಂದರೆ, ಇದು ನನಗೇ ಆಗಿದೆ. ನಾನು ಚಿತ್ರದುರ್ಗದವನು. ಕೆಲವು ವರ್ಷಗಳ ಹಿಂದೆ ಒಂದು ನವೆಂಬರ್ ಸಂಜೆ ದಾವಣಗೆರೆಯಿಂದ ಹೈವೇಯಲ್ಲಿ ಹಿಂತಿರುಗುತ್ತಿದ್ದೆ. ನಿಮ್ಮ ಹಾಗೆಯೇ ಸೀಟಿನ ಕೆಳಗೆ ಕ್ಯಾಮೆರಾ-ಲೈಟ್ ಇತ್ತು. ಹೊರಡುವಾಗ ಆನ್ ಮಾಡಿದ್ದೆ, ಮಿನುಗುವುದನ್ನು ನೋಡಿಯೇ ಹತ್ತಿದ್ದೆ. ಆನಗೋಡು ದಾಟುವ ಹೊತ್ತಿಗೆ ಕತ್ತಲಾಯಿತು. ಭರಮಸಾಗರದ ಹತ್ತಿರ ಟೀ ಕುಡಿಯಲು ನಿಂತೆ. ಅಂಗಡಿಯವರು ಲೋಟ ಕೈಗೆ ಕೊಡುತ್ತಾ, "ಏನ್ ಸಾರ್, ಹಿಂದ್ಗಡೆ ಲೈಟೇ ಇಲ್ದೆ ಹೈವೇಲಿ ಬರ್ತಿದೀರಲ್ಲ" ಅಂದರು. ತಿರುಗಿ ನೋಡಿದರೆ ಲೈಟ್ ಆರಿತ್ತು. ಮನೆಗೆ ಬಂದು ಕಾರ್ಡ್ ತೆಗೆದು ನೋಡಿದೆ. ಕೊನೆಯ ವಿಡಿಯೋ 6 ಗಂಟೆ 22 ನಿಮಿಷಕ್ಕೆ ನಿಂತಿತ್ತು. ನಾನು ಟೀ ಅಂಗಡಿಗೆ ಬಂದಾಗ 7 ಗಂಟೆ ದಾಟಿತ್ತು. ಅಂದರೆ ಸುಮಾರು 40 ನಿಮಿಷ ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ಲಾರಿ, ಬಸ್ಸುಗಳ ಮುಂದೆ, ಹಿಂದೆ ಬೆಳಕಿಲ್ಲದೆ ತುಳಿದಿದ್ದೇನೆ. ಬೆನ್ನ ಹಿಂದಿನ ಲೈಟ್ ಆರಿದ್ದು ತುಳಿಯುವವನಿಗೆ ಗೊತ್ತಾಗುವುದೇ ಇಲ್ಲ. ಮುಂದಿನ ಲೈಟ್ ಆರಿದರೆ ಆ ಕ್ಷಣವೇ ತಿಳಿಯುತ್ತದೆ. ಹಿಂದಿನದರ ವಿಷಯ ಹಾಗಲ್ಲ.

ಈ ಡಬ್ಬಿಗಳ ನಿಜವಾದ ತೊಂದರೆ ಇಲ್ಲೇ ಇದೆ. ವಿಡಿಯೋ ನಿಂತರೆ ಒಂದು ಸಾಕ್ಷಿ ಹೋಯಿತು ಅಷ್ಟೇ. ಲೈಟ್ ನಿಂತರೆ ಹೋಗುವುದು ಜೀವ. ಈ ಎರಡನ್ನೂ ಒಂದೇ ಪುಟ್ಟ ಬ್ಯಾಟರಿಗೆ ಕಟ್ಟಿ ಹಾಕಿ, ಜಾಸ್ತಿ ಕರೆಂಟ್ ತಿನ್ನುವ ಕ್ಯಾಮೆರಾವನ್ನು ಅದರ ಪಕ್ಕ ಕೂರಿಸಿದ್ದಾರೆ.

ಲೆಕ್ಕ ಹಾಕಿ ನೋಡೋಣ. ಇಂಥ ಡಬ್ಬಿಯೊಳಗೆ 2000 ಎಂಎಎಚ್ ಬ್ಯಾಟರಿ ಇದೆ ಅಂದುಕೊಳ್ಳಿ. ಲೀಥಿಯಂ ಬ್ಯಾಟರಿಯ ವೋಲ್ಟೇಜ್ ಸರಾಸರಿ 3.7. ಗುಣಿಸಿದರೆ 7.4 ವಾಟ್-ಗಂಟೆ. ಒಳ್ಳೆ ಗುಣಮಟ್ಟದ ವಿಡಿಯೋ ತೆಗೆಯಲು ಕ್ಯಾಮೆರಾಕ್ಕೆ ಸುಮಾರು 2 ವಾಟ್ ಬೇಕು. ಸ್ಥಿರವಾಗಿ ಉರಿಯುವ ಲೈಟಿಗೆ ಇನ್ನೊಂದು ವಾಟ್. ಒಟ್ಟು 3 ವಾಟ್. ಹೊಸ ಬ್ಯಾಟರಿಗೇ ಎರಡೂವರೆ ಗಂಟೆ ಬರಬೇಕು. ಹಾಗಾದರೆ ಆರು ಗಂಟೆ ಎಲ್ಲಿಂದ ಬಂತು? ವಿಡಿಯೋ ಗುಣಮಟ್ಟವನ್ನು ಕೆಳಕ್ಕಿಳಿಸಿ, ಲೈಟನ್ನು ಅತಿ ಮಂದ ಮಿನುಗಿನಲ್ಲಿಟ್ಟು, ತಂಪು ಕೋಣೆಯಲ್ಲಿ ಅಳೆದರೆ ಅಂಥ ಅಂಕಿ ಸಿಗುತ್ತದೆ. ರೇಡಾರ್, ಕ್ಯಾಮೆರಾ, ಲೈಟ್ ಮೂರನ್ನೂ ಸೇರಿಸಿ 2022ರಲ್ಲಿ ಬಂದ ಗಾರ್ಮಿನ್ ವೇರಿಯಾ ಆರ್‌ಸಿಟಿ715ಕ್ಕೂ, ಲೈಟ್ ಸ್ಥಿರವಾಗಿ ಉರಿಯುತ್ತಾ ವಿಡಿಯೋ ಓಡುತ್ತಿದ್ದರೆ ಆ ಕಂಪನಿಯೇ ಹೇಳುವುದು 4 ಗಂಟೆ. ಅದು ಅಗ್ಗದ ಸಾಮಾನಲ್ಲ. ಹಾಗಾಗಿ "ಇನ್ನೂ ದುಬಾರಿಯದು ತಗೊಳ್ಳಲಾ" ಎಂಬ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು. ದುಡ್ಡು ಜಾಸ್ತಿ ಕೊಟ್ಟರೆ ಚಿತ್ರ ಚೆನ್ನಾಗಿ ಬರಬಹುದು, ಡಬ್ಬಿ ಗಟ್ಟಿ ಇರಬಹುದು, ಹಿಂದೆ ಗಾಡಿ ಬರುತ್ತಿದೆ ಅಂತ 140 ಮೀಟರ್ ದೂರದಿಂದಲೇ ರೇಡಾರ್ ಹೇಳಬಹುದು. ಬ್ಯಾಟರಿಯ ಲೆಕ್ಕ ಮಾತ್ರ ಬದಲಾಗದು.

ನಿಮ್ಮದು ಎರಡು ಗಂಟೆಗೆ ಇಳಿದಿರುವುದಕ್ಕೆ ನಮ್ಮ ಬಿಸಿಲೂ ಕಾರಣ. ಏಪ್ರಿಲ್, ಮೇ ತಿಂಗಳಲ್ಲಿ ದಾವಣಗೆರೆಯ ಬಿಸಿಲು ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಹರಿಹರದಲ್ಲಿ ಸೈಕಲ್ ಇಡೀ ದಿನ ಬಯಲಲ್ಲಿ ನಿಂತರೆ ಆ ಕಪ್ಪು ಪ್ಲಾಸ್ಟಿಕ್ ಡಬ್ಬಿಯನ್ನು ಮುಟ್ಟಲೂ ಆಗದಷ್ಟು ಕಾದಿರುತ್ತದೆ. ಲೀಥಿಯಂ ಬ್ಯಾಟರಿಯನ್ನು 45 ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡಬಾರದು. ಪೂರ್ತಿ ಚಾರ್ಜ್ ಆಗಿ ಬಿಸಿಯಲ್ಲಿ ಕೂತರೂ ಅದು ಬೇಗ ಸವೆಯುತ್ತದೆ. ಆದ್ದರಿಂದ ಆಫೀಸಿಗೆ ಹೋದ ಮೇಲೆ ಡಬ್ಬಿಯನ್ನು ಬಿಚ್ಚಿ ಒಳಗೆ ಒಯ್ಯಿರಿ. ಬಿಸಿಲಲ್ಲಿ ಮನೆಗೆ ಬಂದ ತಕ್ಷಣ ಚಾರ್ಜಿಗೆ ಹಾಕಬೇಡಿ, ಅರ್ಧ ಗಂಟೆ ಆರಲು ಬಿಡಿ. ಒಂದು ವಾರ ಬಳಸುವುದಿಲ್ಲ ಅಂದರೆ ಅರ್ಧ ಚಾರ್ಜಿನಲ್ಲಿ ಇಡಿ.

ಹೋದ ಬೇಸಿಗೆಯಲ್ಲಿ ಗೆಳೆಯರೊಬ್ಬರ ಇಂಥದ್ದೇ ಡಬ್ಬಿಯನ್ನು ನನ್ನ ಮೇಜಿನ ಮೇಲೆ ಬಿಚ್ಚಿದ್ದೆ. ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಸರಿಯಾಗಿ ಕೂರುವುದಿಲ್ಲ ಅನ್ನುವುದು ಅವರ ದೂರು. ರಬ್ಬರ್ ಚೆನ್ನಾಗೇ ಇತ್ತು. ಒಳಗೆ ಬ್ಯಾಟರಿ ಹಪ್ಪಳದ ಹಾಗೆ ಉಬ್ಬಿ ಡಬ್ಬಿಯನ್ನೇ ಕೂದಲೆಳೆಯಷ್ಟು ಬಾಯಿ ಬಿಡಿಸಿತ್ತು. ಆ ಸಂದಿಯಿಂದ ಮಳೆ ನೀರು ಇಳಿದು ಚಾರ್ಜಿಂಗ್ ಪಿನ್ನುಗಳ ಮೇಲೆ ಹಸಿರು ಕಿಲುಬು ಕಟ್ಟಿತ್ತು. ನಿಮ್ಮದನ್ನೂ ಒಮ್ಮೆ ಮೇಜಿನ ಮೇಲಿಟ್ಟು ನೋಡಿ. ಅಲುಗಾಡುತ್ತಿದೆಯಾ? ಜೋಡಣೆಯ ಗೆರೆ ಒಂದು ಕಡೆ ಅಗಲವಾಗಿದೆಯಾ? ಹಾಗಿದ್ದರೆ ಇವತ್ತೇ ಬಳಸುವುದನ್ನು ನಿಲ್ಲಿಸಿ, ಚಾರ್ಜಿಗೆ ಹಾಕಲೇಬೇಡಿ. ಉಬ್ಬಿದ ಬ್ಯಾಟರಿಯನ್ನು ಚುಚ್ಚುವುದು, ಒತ್ತುವುದು, ಕಸದ ಬುಟ್ಟಿಗೆ ಎಸೆಯುವುದು ಯಾವುದೂ ಕೂಡದು, ಬೆಂಕಿ ಹತ್ತುತ್ತದೆ. ಉಬ್ಬಿಲ್ಲ, ಬರೀ ಸವೆದಿದೆ ಅಂದರೆ ಮೊಬೈಲ್ ರಿಪೇರಿ ಮಾಡುವವರು ಅದೇ ಅಳತೆಯ ಬ್ಯಾಟರಿ ಬೆಸುಗೆ ಹಾಕಿ ಕೊಡಬಲ್ಲರು. ಆದರೆ ಒಮ್ಮೆ ಬಿಚ್ಚಿದ ಡಬ್ಬಿ ಮೊದಲಿನಂತೆ ನೀರು ತಡೆಯುವುದಿಲ್ಲ. ಮಳೆಗಾಲದಲ್ಲಿ ಅದನ್ನು ಮನೆಯಲ್ಲೇ ಬಿಡಬೇಕಾಗುತ್ತದೆ.

ಈಗ ಬಾತಿ ಹತ್ತಿರದ ಘಟನೆಗೆ ಬರುತ್ತೇನೆ. ನೀವು ಬರೆದದ್ದರಲ್ಲಿ ನನಗೆ ಜಾಸ್ತಿ ಬೇಸರ ತಂದದ್ದು ಇದೇ. ಬೇಕಾದ ದಿನವೇ ಕೈಕೊಟ್ಟಿತು ಅಲ್ವಾ? ಕಾರಣ ಬಹುಶಃ ನಮ್ಮ ರಸ್ತೆಯ ಹಂಪುಗಳು.

ಈ ಕ್ಯಾಮೆರಾಗಳು ವಿಡಿಯೋವನ್ನು ಎರಡು ಮೂರು ನಿಮಿಷದ ತುಣುಕುಗಳಾಗಿ ಉಳಿಸುತ್ತವೆ. ಕಾರ್ಡ್ ತುಂಬಿದಾಗ ಹಳೆಯ ತುಣುಕನ್ನು ಅಳಿಸಿ ಹೊಸದನ್ನು ಬರೆಯುತ್ತವೆ. ಇದು ಸರಿಯಾಗಿ ನಡೆದರೆ ಕಾರ್ಡ್ ಎಂದೂ ತುಂಬಬಾರದು. ಆದರೆ ಒಳಗೆ ಒಂದು ಸೆನ್ಸರ್ ಇರುತ್ತದೆ. ಜೋರಾಗಿ ಕುಲುಕಿದರೆ ಅಪಘಾತ ಆಯಿತು ಅಂತ ತಿಳಿದು ಆ ತುಣುಕಿಗೆ ಬೀಗ ಹಾಕುತ್ತದೆ. ಬೀಗ ಹಾಕಿದ್ದನ್ನು ಕ್ಯಾಮೆರಾ ತಾನಾಗಿ ಅಳಿಸುವುದಿಲ್ಲ. ನುಣ್ಣನೆಯ ರಸ್ತೆಗೆ ಇದು ಒಳ್ಳೆಯ ಉಪಾಯ. ನಮ್ಮಲ್ಲಿ? ವಿದ್ಯಾನಗರದಿಂದ ಪಿ.ಬಿ. ರಸ್ತೆ ತಲುಪುವಷ್ಟರಲ್ಲೇ ಎಷ್ಟು ಹಂಪು, ಎಷ್ಟು ಗುಂಡಿ ಎಣಿಸಿ ನೋಡಿ. ಸೆನ್ಸರಿಗೆ ಅವೆಲ್ಲ ಅಪಘಾತವೇ.

ಮೂರು ನಿಮಿಷದ ಒಂದು ತುಣುಕು ಸುಮಾರು 340 ಎಂಬಿ ಆಗುತ್ತದೆ. 32 ಜಿಬಿ ಕಾರ್ಡಿನಲ್ಲಿ ಹೆಚ್ಚುಕಮ್ಮಿ 95 ತುಣುಕು ಹಿಡಿಯುತ್ತವೆ. ದಿನಕ್ಕೆ ಆರು ತುಣುಕಿಗೆ ಬೀಗ ಬಿದ್ದರೂ 16 ದಿನದ ಓಡಾಟಕ್ಕೆ ಕಾರ್ಡ್ ಭರ್ತಿ. ವಾರಕ್ಕೆ ನಾಲ್ಕು ದಿನ ಅಂದರೆ ಸರಿಯಾಗಿ ಒಂದು ತಿಂಗಳು. ಆಮೇಲೆ ಲೈಟ್ ಎಂದಿನಂತೆ ಮಿನುಗುತ್ತಿರುತ್ತದೆ, ಕ್ಯಾಮೆರಾ ಏನೂ ಬರೆಯುತ್ತಿರುವುದಿಲ್ಲ. ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ: ಹಾಗೆ ನಿಂತಿದ್ದರೆ ಆ ಗೂಡ್ಸ್ ಗಾಡಿಯ ವಿಡಿಯೋ ಯಾವ ಸಾಫ್ಟ್‌ವೇರ್ ಹಾಕಿದರೂ ವಾಪಸ್ ಬರದು. ಬರೆದೇ ಇಲ್ಲದ್ದನ್ನು ಹುಡುಕಲು ಆಗುವುದಿಲ್ಲ. ಅದಕ್ಕಾಗಿ ಯಾರಿಗೂ ದುಡ್ಡು ಕೊಡಬೇಡಿ.

ಪರಿಹಾರ ಸುಲಭ. ಸೆಟ್ಟಿಂಗ್‌ನಲ್ಲಿ ಆ ಸೆನ್ಸರನ್ನು ಅತಿ ಕಡಿಮೆಗೆ ಇಳಿಸಿ, ಇಲ್ಲವೇ ಪೂರ್ತಿ ಆಫ್ ಮಾಡಿ. ಬೇಕಾದ ವಿಡಿಯೋಗಳನ್ನು ಕಂಪ್ಯೂಟರಿಗೆ ಹಾಕಿಕೊಂಡು, ತಿಂಗಳಿಗೊಮ್ಮೆ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ಮಾಡಬೇಡಿ, ಎಷ್ಟೋ ಕ್ಯಾಮೆರಾಗಳಿಗೆ ಅದು ಹಿಡಿಸುವುದಿಲ್ಲ. ಕಾರ್ಡ್ ಕೂಡ ಫೋನಿಗೆ ಹಾಕುವ ಮಾಮೂಲಿಯದು ಬೇಡ. ಸಿಸಿಟಿವಿ, ಡ್ಯಾಶ್‌ಕ್ಯಾಮ್‌ಗೆಂದೇ 'ಹೈ ಎಂಡ್ಯೂರೆನ್ಸ್' ಅಂತ ಬರೆದಿರುವ ಕಾರ್ಡ್ ಸಿಗುತ್ತದೆ. ಬಿಡದೆ ಬರೆದು ಅಳಿಸುವ ಕೆಲಸಕ್ಕೆ ಮಾಡಿದ್ದು ಅದು. ಮಾಮೂಲಿ ಕಾರ್ಡ್ ಈ ಕೆಲಸದಲ್ಲಿ ಸದ್ದಿಲ್ಲದೆ ಸಾಯುತ್ತದೆ.

ಇನ್ನು ನಂಬರ್ ಪ್ಲೇಟ್. ಇಲ್ಲಿ ನಿಮ್ಮ ಕ್ಯಾಮೆರಾದ್ದು ತಪ್ಪು ಕಡಿಮೆ. ಕಾರು, ಲಾರಿಗಳ ಪ್ಲೇಟಿನ ಅಕ್ಷರದ ಎತ್ತರ ನಿಯಮದ ಪ್ರಕಾರ 65 ಮಿಲಿಮೀಟರ್. ಈ ಕ್ಯಾಮೆರಾಗಳ ಲೆನ್ಸ್ ತುಂಬಾ ಅಗಲ, 135 ಡಿಗ್ರಿ ಅಂದುಕೊಳ್ಳೋಣ. ಅಷ್ಟು ಅಗಲವನ್ನು 1920 ಚುಕ್ಕಿಗಳಲ್ಲಿ ಹಿಡಿಯಬೇಕು. ಗಾಡಿ 3 ಮೀಟರ್ ದೂರದಲ್ಲಿದ್ದರೆ ಒಂದು ಅಕ್ಷರದ ಎತ್ತರಕ್ಕೆ 17 ಚುಕ್ಕಿ ಸಿಗುತ್ತವೆ, ಓದಬಹುದು. 5 ಮೀಟರ್‌ಗೆ 10 ಚುಕ್ಕಿ, ಆಗ 8 ಯಾವುದು, ಬಿ ಯಾವುದು ಗೊತ್ತಾಗದು. 10 ಮೀಟರ್‌ಗೆ ಬರೀ 5. ಅದೂ ಹಗಲು ಹೊತ್ತು, ಕ್ಯಾಮೆರಾ ಅಲುಗಾಡದಿದ್ದರೆ. ಕೆಎ 17 ಅನ್ನುವಷ್ಟನ್ನು ಊಹಿಸಬಹುದೇನೋ. ಬೇಕಾಗಿರುವುದು ಅದರ ಮುಂದಿನದು ಅಲ್ವಾ?

ಸಂಜೆಯಾದರೆ ಇನ್ನೂ ಕಷ್ಟ. ಹಿಂದೆ ನೋಡುವ ಕ್ಯಾಮೆರಾಕ್ಕೆ ಕಾಣುವುದು ಎರಡು ಹೆಡ್‌ಲೈಟ್. ಪ್ಲೇಟ್ ಅವುಗಳ ನಡುವೆ ಕಪ್ಪು ಪಟ್ಟಿಯಾಗಿ ಮುಳುಗಿಹೋಗುತ್ತದೆ. ನಿಮ್ಮದೇ ಕೆಂಪು ಲೈಟ್ ಮಿನುಗಿದಾಗಲೆಲ್ಲ ಚಿತ್ರ ಒಮ್ಮೆ ಕೆಂಪಾಗಿ ಒಮ್ಮೆ ಕಪ್ಪಾಗುತ್ತದೆ. ಕತ್ತಲಾದ ಮೇಲೆ ಕ್ಯಾಮೆರಾ-ಲೈಟನ್ನು ಸ್ಥಿರ ಉರಿಯಲ್ಲಿಡಿ, ಮಿನುಗುವ ಕೆಲಸವನ್ನು ಹೊಸದಾಗಿ ತಂದ ಸಾದಾ ಲೈಟಿಗೆ ಕೊಡಿ.

ಹಾಗಾದರೆ ಮುಂದೆ ಕಟ್ಟುವ ಕ್ಯಾಮೆರಾ-ಲೈಟ್ ತಗೊಂಡರೆ ಸರಿಹೋಗುತ್ತದಾ ಅಂತ ನೀವು ಯೋಚಿಸಬಹುದು. ಮುಂದಿನ ಕ್ಯಾಮೆರಾ ಒಂದು ರೀತಿಯಲ್ಲಿ ವಾಸಿ. ಗಾಡಿ ನಿಮ್ಮನ್ನು ದಾಟಿದ ಮೇಲೆ ಅದರ ಹಿಂದಿನ ಪ್ಲೇಟ್ ಎದುರಿಗೆ ಬರುತ್ತದೆ, ಅಲ್ಲಿ ಕಣ್ಣು ಕುಕ್ಕುವ ಹೆಡ್‌ಲೈಟ್ ಇರುವುದಿಲ್ಲ. ಆದರೆ ಲೈಟ್ ಮತ್ತು ಲೆನ್ಸ್ ಒಂದೇ ಡಬ್ಬಿಯಲ್ಲಿದ್ದರೆ ಅಲ್ಲೊಂದು ತೊಡಕಿದೆ. ಪ್ಲೇಟಿನ ಮೇಲಿರುವ ಹೊಳೆಯುವ ಹಾಳೆ ಬೆಳಕನ್ನು ಬಂದ ಕಡೆಗೇ ವಾಪಸ್ ಕಳಿಸುವಂತೆ ಮಾಡಿದ್ದು. ಬೆಳಕು ಹೊರಟ ಜಾಗದಲ್ಲೇ ಲೆನ್ಸ್ ಕೂತಿದ್ದರೆ ಅಷ್ಟೂ ಬೆಳಕು ಅದರ ಕಣ್ಣಿಗೇ ಬೀಳುತ್ತದೆ. ಪ್ಲೇಟ್ ಬಿಳೀ ಹಾಳೆಯಾಗುತ್ತದೆ, ನಂಬರ್ ಮಾಯ. ಬೇರೆ ಬೇರೆ ಲೈಟ್, ಕ್ಯಾಮೆರಾ ತಂದು ಹ್ಯಾಂಡಲ್ ಮೇಲೆ ಒಂದು ಗೇಣಿಗಿಂತ ಜಾಸ್ತಿ ದೂರ ಕಟ್ಟಿದರೆ ಇದು ಎಷ್ಟೋ ಕಡಿಮೆಯಾಗುತ್ತದೆ. ಧೂಳಿನ ಕಥೆಯೂ ಇದೇ. ಸುಗ್ಗಿ ಕಾಲದಲ್ಲಿ ನಮ್ಮ ಕಡೆ ರಸ್ತೆ ಮೇಲೇ ಮೆಕ್ಕೆಜೋಳ ಒಣಗಿಸುತ್ತಾರಲ್ಲ, ಆಗ ಗಾಳಿಯಲ್ಲಿ ಹಾರುವ ಹೊಟ್ಟು, ಧೂಳು ಲೆನ್ಸಿನ ಪಕ್ಕದ ಬೆಳಕಿಗೆ ಸಿಕ್ಕಿ ಬಿಳೀ ಚುಕ್ಕಿಗಳ ಪರದೆಯಾಗಿ ಕೂರುತ್ತದೆ. ದುಬಾರಿ ಡಬ್ಬಿಗೂ ಇದರಿಂದ ಬಿಡುಗಡೆ ಇಲ್ಲ. ಬೆಳಕು ಕೊಡಲು ಒಳ್ಳೆಯ ಜಾಗವೇ ಬೇರೆ, ನೋಡಲು ಒಳ್ಳೆಯ ಜಾಗವೇ ಬೇರೆ.

ನಾನು ಮಾಡುವ ಒಂದು ಉಪಾಯ ಹೇಳುತ್ತೇನೆ. ಗಾಡಿ ಸವರಿಕೊಂಡು ಹೋದರೆ ಅದರ ನಂಬರನ್ನು ಕಣ್ಣಿಂದ ಓದಿ, ಜೋರಾಗಿ ಕೂಗಿ ಹೇಳಿ. ಎರಡು ಸಲ ಹೇಳಿ. ಕ್ಯಾಮೆರಾದ ಮೈಕ್ ಅದನ್ನು ಹಿಡಿದುಕೊಳ್ಳುತ್ತದೆ. ಕ್ಯಾಮೆರಾ ಕಾಣದ್ದನ್ನು ನಿಮ್ಮ ಕಣ್ಣು ಕಾಣುತ್ತದೆ. ಲಾರಿ, ಗೂಡ್ಸ್ ಗಾಡಿಗಳ ಪಕ್ಕದಲ್ಲೂ ನಂಬರ್ ಬರೆದಿರುತ್ತಾರೆ, ಅದನ್ನೂ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಇನ್ನೊಂದು ಅಭ್ಯಾಸ ಗಡಿಯಾರದ್ದು. ಬ್ಯಾಟರಿ ಪೂರ್ತಿ ಖಾಲಿಯಾದರೆ ಇಂಥ ಎಷ್ಟೋ ಕ್ಯಾಮೆರಾಗಳ ತಾರೀಕು ಹಿಂದಕ್ಕೆ ಓಡಿಹೋಗುತ್ತದೆ. ವಿಡಿಯೋ ಮೇಲೆ ಯಾವುದೋ ಹಳೇ ವರ್ಷದ ಜನವರಿ 1 ಅಂತ ಬರುತ್ತದೆ. ಅಂಥ ವಿಡಿಯೋ ಹಿಡಿದುಕೊಂಡು ಠಾಣೆಗೆ ಹೋದರೆ ಮೊದಲ ಪ್ರಶ್ನೆಯೇ ಅದಾಗುತ್ತದೆ. ಹೊರಡುವಾಗ ಫೋನಿನ ಗಡಿಯಾರವನ್ನು ಐದು ಸೆಕೆಂಡ್ ಲೆನ್ಸಿನ ಮುಂದೆ ಹಿಡಿಯಿರಿ. ಅದೇ ಹೊತ್ತಿಗೆ ಲೆನ್ಸನ್ನೂ ಮೆತ್ತನೆಯ ಬಟ್ಟೆಯಿಂದ ಒರೆಸಿ. ದೂರು ಕೊಡುವ ಪ್ರಸಂಗ ಬಂದರೆ ಕಾರ್ಡನ್ನು ಹೊರತೆಗೆದು ಹಾಗೇ ಎತ್ತಿಡಿ, ಆ ವಿಡಿಯೋವನ್ನು ಕತ್ತರಿಸಬೇಡಿ, ವಾಟ್ಸಾಪ್‌ನಲ್ಲಿ ಕಳಿಸಿದ್ದೇ ಸಾಕು ಅಂದುಕೊಳ್ಳಬೇಡಿ. ವಾಟ್ಸಾಪ್ ವಿಡಿಯೋವನ್ನು ಹಿಂಡಿ ಸಣ್ಣದು ಮಾಡುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ವಿಡಿಯೋದ ಪ್ರತಿಯನ್ನು ಸಾಕ್ಷಿಯಾಗಿ ಕೊಡುವಾಗ ಜೊತೆಗೊಂದು ಪ್ರಮಾಣಪತ್ರ ಬೇಕು. ಮೂಲ ಫೈಲ್ ಮುಟ್ಟದೆ ಇಟ್ಟಿದ್ದರೆ ಆ ಕೆಲಸ ಸಲೀಸು.

ಚಾರ್ಜರ್ ವಿಷಯ ಚಿಕ್ಕದು. ಹೊಸ ಫೋನಿನ ಚಾರ್ಜರ್‌ಗಳ ಕೇಬಲ್ಲಿಗೆ ಎರಡೂ ತುದಿಯಲ್ಲಿ ಸಿ ಪಿನ್ ಇರುತ್ತದೆ. ಆ ಚಾರ್ಜರ್ ಎದುರಿನ ಸಾಮಾನು "ನಾನಿದ್ದೇನೆ" ಅಂತ ಸೂಚನೆ ಕೊಡುವ ತನಕ ಕರೆಂಟ್ ಬಿಡುವುದಿಲ್ಲ. ಆ ಸೂಚನೆಗೆ 5.1 ಕಿಲೋ ಓಮ್‌ನ ಎರಡು ಪುಟ್ಟ ರೆಸಿಸ್ಟರ್ ಬೇಕು. ಪುಡಿಗಾಸಿನ ಸಾಮಾನು. ಎಷ್ಟೋ ಅಗ್ಗದ ಡಬ್ಬಿಗಳಲ್ಲಿ ಅದನ್ನೂ ಹಾಕಿರುವುದಿಲ್ಲ. ಹಳೇ ಅಗಲ ಯುಎಸ್‌ಬಿ ಚಾರ್ಜರ್, ಅದಕ್ಕೆ ಹೊಂದುವ ಕೇಬಲ್ ಬಳಸಿ, ಚಾರ್ಜ್ ಆಗುತ್ತದೆ. ಅದಕ್ಕೂ ಆಗದಿದ್ದರೆ ಪಿನ್ನಿಗೆ ಕಿಲುಬು ಹಿಡಿದಿದೆ ಅಂತ ತಿಳಿಯಿರಿ.

ಸೂಳೆಕೆರೆಯಂಥ ಉದ್ದದ ರೈಡಿಗೆ ಪವರ್ ಬ್ಯಾಂಕ್ ಕಟ್ಟಿಕೊಳ್ಳಬಹುದು. ಕೇಬಲ್ ಚುಚ್ಚಿದ ಕೂಡಲೇ ಕೆಲವು ಕ್ಯಾಮೆರಾಗಳು ಕಂಪ್ಯೂಟರಿಗೆ ಸೇರಿಸಿದ್ದಾರೆ ಅಂತ ತಿಳಿದು ರೆಕಾರ್ಡಿಂಗ್ ನಿಲ್ಲಿಸುತ್ತವೆ. ಮನೆಯಲ್ಲೇ ಪರೀಕ್ಷೆ ಮಾಡಿ. ಕೇಬಲ್ ಚುಚ್ಚಿದಾಗ ರಬ್ಬರ್ ಮುಚ್ಚಳ ತೆರೆದೇ ಇರುತ್ತದೆ ಅನ್ನುವುದು ನೆನಪಿರಲಿ, ಮೋಡ ಕಂಡರೆ ಬೇಡ.

ಇಷ್ಟೆಲ್ಲ ಆದ ಮೇಲೆ ನನ್ನ ತೀರ್ಮಾನ. ಬ್ಯಾಟರಿ ಉಬ್ಬಿಲ್ಲದಿದ್ದರೆ ಡಬ್ಬಿಯನ್ನು ಬಿಸಾಡಬೇಡಿ. ಹರಿಹರ ಒಂದು ಕಡೆಗೆ ಮುಕ್ಕಾಲು ಗಂಟೆಯ ದಾರಿ, ದಿನಾ ಚಾರ್ಜ್ ಮಾಡಿದರೆ ಎರಡು ಗಂಟೆ ನಿಮಗೆ ಸಾಕು. ಅದರ ಲೈಟನ್ನು ಅತಿ ಮಂದಕ್ಕೆ ಇಳಿಸಿ, ಬರೀ ಕ್ಯಾಮೆರಾ ಅಂತಲೇ ಬಳಸಿ. ಉಬ್ಬಿದ್ದರೆ ರಿಪೇರಿಗೆ ದುಡ್ಡು ಹಾಕಬೇಡಿ. ಮತ್ತೆ ಎರಡೂ ಸೇರಿದ್ದನ್ನು ಕೊಳ್ಳಲೂಬೇಡಿ. ಅದರ ಅರ್ಧ ದುಡ್ಡಿಗೆ ಎರಡು ಒಳ್ಳೆಯ ಹಿಂದಿನ ಲೈಟ್ ಬರುತ್ತವೆ. ಒಂದು ಸೀಟಿನ ಕೆಳಗೆ, ಇನ್ನೊಂದು ಹೆಲ್ಮೆಟ್ಟಿಗೆ ಇಲ್ಲವೇ ಬ್ಯಾಗಿಗೆ. ಒಂದು ಆರಿದರೆ ಇನ್ನೊಂದು ಇರುತ್ತದೆ. ಉಳಿದ ದುಡ್ಡಿಗೆ, ಬ್ಯಾಟರಿ ಬಿಚ್ಚಿ ಬದಲಿಸಬಹುದಾದ ಸಾದಾ ಕ್ಯಾಮೆರಾ ಒಂದನ್ನು ನೋಡಿ. ಮಡ್‌ಗಾರ್ಡಿಗೆ ಕೆಂಪು ರಿಫ್ಲೆಕ್ಟರ್ ಒಂದು ಹಾಕಿಸಿ. ಅದಕ್ಕೆ ಚಾರ್ಜೇ ಬೇಡ.

ಡಬ್ಬಿ ಮೇಲಿನ ಆರು ಗಂಟೆಯ ಮಾತನ್ನು ಮಾತ್ರ ಹಾಗೇ ಬಿಡಬೇಡಿ. ಬಿಲ್ ಹುಡುಕಿ ವಾರಂಟಿ ಎಷ್ಟು ದಿನ ಅಂತ ನೋಡಿ. ಒಂದು ರಾತ್ರಿ ಪೂರ್ತಿ ಚಾರ್ಜ್ ಮಾಡಿ, ಗೋಡೆ ಗಡಿಯಾರದ ಎದುರು ಆನ್ ಮಾಡಿಟ್ಟು, ಎಷ್ಟು ಹೊತ್ತು ಓಡಿತು ಅಂತ ಅದೇ ಕ್ಯಾಮೆರಾದಲ್ಲಿ ದಾಖಲಾಗಲಿ. ಮಾರಿದವರಿಗೆ ಅದನ್ನು ಕಳಿಸಿ ಕೇಳಿ. ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಬಿಲ್ ಮತ್ತು ಡಬ್ಬಿ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು.